ಲಿಫ್ಟಿನ ಹೊಸ್ತಿಲು

ಶೃಂಗೇರಿ ಬಸ್‌ಸ್ಟ್ಯಾಂಡಿನ ಹಿಂದೆ ಲಿಂಗಪ್ಪನವರ ಲಾಡ್ಜು. ಮೂರು ಮಹಡಿ, ಮೇಲೊಂದು ತಾರಸಿ. ಕೋಣೆಗಳ ಹಾಸು ಹೊದಿಕೆ ಒಗೆಯುವುದು ಹಿತ್ತಲಲ್ಲಿ, ಒಣಗುವುದು ತಾರಸಿಯಲ್ಲಿ. ಒಣಗಿಸುವ ಕೆಲಸ ಸಣ್ಣಕ್ಕನದು. ಅವಳ ಎಡಗಾಲೋ, ಬಸರೀಕಟ್ಟೆಯ ತೋಟದ ಜೀಪಿನಿಂದ ಬಿದ್ದ ದಿನವೇ ಕೆಲಸಕ್ಕೆ ಬಾರದೆ ಹೋಗಿತ್ತು. ಸಮನೆಲದಲ್ಲಿ ಹೇಗೋ ಎಳೆದುಕೊಂಡು ನಡೆದಾಳು. ಬಟ್ಟೆಗಂಟು ಹೊತ್ತು ಮೂರು ಮಹಡಿ ಹತ್ತು ಎಂದರೆ ಅವಳಿಂದ ಆಗುವ ಮಾತಲ್ಲ. ಅಂಥವಳಿಗೆ ತಾರಸಿಯ ಕೆಲಸ ಹೇಗೆ ಸಿಕ್ಕಿತು ಎನ್ನುತ್ತೀರಾ? ಲಿಫ್ಟು ಇತ್ತಲ್ಲ!

ಲಿಫ್ಟು ಅವಳನ್ನು ಮೂರನೆಯ ಮಹಡಿಗೆ ಬಿಡುತ್ತಿತ್ತು. ಅಲ್ಲಿಂದ ಮೇಲಿನ ಹದಿನಾರು ಮೆಟ್ಟಿಲನ್ನು ಕೂತು ಕೂತು ಹತ್ತುತ್ತಿದ್ದಳು. ಹತ್ತಿದ ಮೇಲೆ ಅವಳದೇ ಬೇರೆ ಲೋಕ. ಬಿಳಿ ಬಟ್ಟೆಗಳನ್ನು ಸಾಲಾಗಿ ಹರವಿ ನಡುವೆ ನಿಂತರೆ ಕೆಳಗಿನ ಹಾರ್ನು, ಜಗಳ, ಸಾಂಬಾರಿನ ವಾಸನೆ ಒಂದೂ ಮೇಲೆ ಬಾರದು. ಗಾಳಿ ಬಂದರೆ ಬಟ್ಟೆಗಳೆಲ್ಲ ಉಸಿರೆಳೆದು ಉಬ್ಬುತ್ತಿದ್ದವು. ದೂರದಲ್ಲಿ ಕೆರೆಕಟ್ಟೆ ಕಡೆಯ ಗುಡ್ಡ ನೀಲಿಯಾಗಿ ತೇಲುತ್ತಿತ್ತು. ಅಲ್ಲಿ ಅವಳು ಕುಂಟಿ ಅಲ್ಲ. ಕುಂಟಿ ಎಂದು ಕರೆಯುವವರು ಅಷ್ಟು ಮೇಲಕ್ಕೆ ಬರುತ್ತಿರಲಿಲ್ಲ.

ಈ ಉಪಕಾರವನ್ನು ಅವಳು ಪುಕ್ಕಟೆಯಾಗಿ ಪಡೆದವಳಲ್ಲ. ಮಡಚುವ ಕಬ್ಬಿಣದ ಗೇಟಿನ ಆ ಹಳೆಯ ಲಿಫ್ಟಿಗೆ ಕೆಳಗಡೆ ಹಲಸಿನ ಹಲಗೆಯದೊಂದು ಹೊಸ್ತಿಲಿತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಅದನ್ನು ತೊಳೆದು ಅರಿಶಿನ ಬಳಿದು, ಕುಂಕುಮದ ಬೊಟ್ಟಿಟ್ಟು, ನಾಲ್ಕು ಕಾಳು ಅಕ್ಕಿ ಹಾಕಿ, ಒಂದು ದಾಸವಾಳ ಇಡುತ್ತಿದ್ದಳು. ಸಂಜೆ ಪೂಜೆಯ ಹೂವನ್ನು ಯಾರೂ ತುಳಿಯಬಾರದೆಂದು ತಾನೇ ಗುಡಿಸಿ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ಲಿಫ್ಟು ಕಿರ್ರೆನ್ನುತ್ತಿತ್ತು, ಗೊರಗುಟ್ಟುತ್ತಿತ್ತು, ಆದರೆ ಒಮ್ಮೆಯೂ ಅವಳ ಕೈಬಿಡಲಿಲ್ಲ.

ಎರಡು ಸಾವಿರದ ಆರರ ಜನವರಿಯಲ್ಲಿ ಲಿಂಗಪ್ಪನವರು ಲಿಫ್ಟಿಗೆ ಹೊಸ ವೇಷ ಹಾಕಿಸಿದರು. ಗೇಟು ಹೋಗಿ ತಾನೇ ತೆರೆದು ತಾನೇ ಮುಚ್ಚುವ ಉಕ್ಕಿನ ಬಾಗಿಲು ಬಂತು. ಹೊಸ ಹಗ್ಗ, ಹೊಸ ಬೋರ್ಡು, ಮುಟ್ಟಿದರೆ ಕೆಂಪಗೆ ಬೆಳಗುವ ಗುಂಡಿ. ಹಲಸಿನ ಹಲಗೆಯನ್ನು ಕಿತ್ತು ತಾರಸಿಯ ಮೂಲೆಗೆಸೆದರು. ಅದರ ಜಾಗದಲ್ಲಿ ಬಾಗಿಲು ಜಾರಲೆಂದು ಬೆರಳಗಲದ ಎರಡು ಜಾಡು ಕೊರೆದ ಲೋಹದ ಪಟ್ಟಿ ಕೂತಿತು.

"ಸಣ್ಣಕ್ಕ, ಅರಿಶಿನ ಗಿರಿಶಿನ ಅಂತ ಇದಕ್ಕೆ ಕಲೆ ಮಾಡಿದ್ಯೋ, ನೋಡು ಮತ್ತೆ!" ಎಂದರು ಲಿಂಗಪ್ಪನವರು.

"ಇಲ್ಲ ಅಯ್ಯ," ಎಂದಳು. ಬಾಯಿ ಹೇಳಿತು, ಮನಸ್ಸು ಕೇಳಬೇಕಲ್ಲ! ಬೊಟ್ಟಿಲ್ಲದ ಬೋಳು ಹೊಸ್ತಿಲು ದಾಟುವಾಗಲೆಲ್ಲ ಅವಳಿಗೆ ಎದೆ ಧಸಕ್ಕೆನ್ನುತ್ತಿತ್ತು. ಮೊದಲ ಶುಕ್ರವಾರ ಯಾರೂ ಏಳುವ ಮುಂಚೆ ಬಂದು, ಲೋಹಕ್ಕೆ ಕಲೆಯಾಗದ ಹಾಗೆ, ಕಣ್ಣಿಗೆ ಬೀಳದ ಹಾಗೆ, ಆ ಜಾಡಿನೊಳಗೇ ಚೂರು ಅರಿಶಿನ, ನಾಲ್ಕು ಕಾಳು ಅಕ್ಕಿ, ಒಂದೆಸಳು ದಾಸವಾಳ ಇಟ್ಟಳು.

ಅವತ್ತೇ ಬಾಗಿಲು ಮುಚ್ಚಲೊಲ್ಲದೆ ಹಟ ಹಿಡಿಯಿತು.

ಸಂಜೆ ಅವಳು ಪೂಜೆಯದನ್ನೆಲ್ಲ ಗುಡಿಸಿದಳು. ಶನಿವಾರ ಕೊಪ್ಪದಿಂದ ಮೆಕ್ಯಾನಿಕ್ ಪ್ರದೀಪ ಬೈಕಿನಲ್ಲಿ ಬಂದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಕಡೆಯ ಲಿಫ್ಟು ನೋಡುವವನು ಅವನೊಬ್ಬನೇ. ಬೋರ್ಡು ಬಿಚ್ಚಿದ, ವೈರು ಎಳೆದು ನೋಡಿದ, ಬಾಗಿಲ ಮೇಲಿನ ಪೆಟ್ಟಿಗೆಯೊಳಗೆ ತಲೆ ಹಾಕಿದ. ಏನೂ ದೋಷ ಸಿಗಲಿಲ್ಲ. ಕಾಲ ಬುಡ ನೋಡಬೇಕೆಂದು ಅವನ ಪುಸ್ತಕದಲ್ಲಿ ಬರೆದಿರಲಿಲ್ಲವೋ ಏನೋ.

ಪೂಜೆ ಸಾಲದೆ ಮುನಿಸಿಕೊಂಡಿದೆ ಎಂದುಕೊಂಡಳು ಸಣ್ಣಕ್ಕ. ಮುಂದಿನ ಶುಕ್ರವಾರ ಹಿಡಿ ಅಕ್ಕಿ ಹಾಕಿದಳು. ಬಾಗಿಲು ಅರ್ಧದಿನ ಕೆಟ್ಟಿತು. ಅದರ ಮುಂದಿನ ವಾರ ಲಿಫ್ಟಿನ ಜೊತೆಗೇ ಮೇಲೇರುವ ಒಳಬಾಗಿಲಿನ ಪಟ್ಟಿಗೂ ಹಾಕಿದಳು. ಪೂರ್ತಿ ದಿನ ಕೆಟ್ಟಿತು. ಲಿಂಗಪ್ಪನವರ ಸಿಟ್ಟು ನೆತ್ತಿಗೇರಿತು. "ಇನ್ನೊಂದು ಸಲ ನಿಂತ್ರೆ ಬೀಗ ಹಾಕಿಬಿಡ್ತೀನಿ. ಈ ಮೆಕ್ಯಾನಿಕ್ ಮಾಣಿಯ ಕೆಲಸ ಸರಿ ಇಲ್ಲ ಅಂತ ಕಂಪನಿಗೂ ಬರೀತೀನಿ. ಆಮೇಲೆ ಸಣ್ಣಕ್ಕ, ನೀ ಹಿತ್ತಲಲ್ಲಿ ಪಾತ್ರೆ ತೊಳಿ, ಬಟ್ಟೆ ಕೋಣೆ ಗುಡಿಸೋ ಮಾಲತಿ ಒಣಗಿಸ್ಲಿ."

ಹಿತ್ತಲೆಂದರೆ ನಾಲ್ಕೂ ಕಡೆ ಗೋಡೆ, ಮೇಲೆ ತಗಡು. ಸಣ್ಣಕ್ಕನಿಗೆ ಊಟ ಸೇರಲಿಲ್ಲ. ನಾಲ್ಕನೆಯ ಶುಕ್ರವಾರ ಅರಿಶಿನವನ್ನು ನೀರಲ್ಲಿ ಕಲಸಿ, ಒಳಗಿನ, ಹೊರಗಿನ ಎರಡೂ ಪಟ್ಟಿಯ ಜಾಡಿನ ಉದ್ದಕ್ಕೂ ಮೆತ್ತಿ, ಅಕ್ಕಿ ಒತ್ತಿ, ಎರಡು ಇಡೀ ದಾಸವಾಳ ಇಟ್ಟು, "ನನ್ನ ಬಿಟ್ಟುಹಾಕಬೇಡ ಕಣಪ್ಪ," ಎಂದು ಕೈಮುಗಿದಳು. ಬಾಗಿಲು ತಿಣುಕುತ್ತಲೇ ಮುಚ್ಚಿತು. ಪ್ರಸನ್ನವಾಯಿತು ಎಂದು ಹಿಗ್ಗಿ, ಬಟ್ಟೆಗಂಟಿನೊಂದಿಗೆ ಮೂರನೆಯ ಗುಂಡಿ ಒತ್ತಿದಳು.

ಮೂರನೆಯ ಮಹಡಿಯಲ್ಲಿ ಬಾಗಿಲು ನಾಲ್ಕು ಬೆರಳಷ್ಟು ತೆರೆದು ಕಚ್ಚಿಕೊಂಡು ನಿಂತಿತು.

ಕೂಗಿದಳು. ಹುಡುಕಿಕೊಂಡು ಬಂದ ಮಾಲತಿ ಸಂದಿಯಲ್ಲಿ ಕಣ್ಣಿಟ್ಟು, "ಹೆದರಬೇಡಿ ಸಣ್ಣಕ್ಕ, ಪ್ರದೀಪಣ್ಣಂಗೆ ಫೋನ್ ಮಾಡಿದಾರೆ," ಎಂದು ಹೇಳಿಹೋದಳು. ಕೊಪ್ಪದಿಂದ ಬರಲು ಮುಕ್ಕಾಲು ಗಂಟೆಯಾದರೂ ಬೇಕು. ಸಣ್ಣಕ್ಕ ಗಂಟಿನ ಮೇಲೆ ಒರಗಿದಳು. ಸಂದಿಯಿಂದ ಬಿಸಿಲಿನದೊಂದು ಪಟ್ಟಿ ಬಂದು ಮಡಿಲಲ್ಲಿ ಬಿತ್ತು. ಒದ್ದೆ ಬಟ್ಟೆಯ ಸೋಪಿನ ವಾಸನೆಗೋ ಏನೋ, ಕಣ್ಣು ಎಳೆಯಿತು.

ಪೆಟ್ಟಿಗೆ ಮೆಲ್ಲಗೆ ಮೇಲೇರತೊಡಗಿತು. ತಾರಸಿ ದಾಟಿತು, ತೆಂಗಿನ ತಲೆ ದಾಟಿತು. ತುಂಗೆ ಕೆಳಗೆ ಯಾರೋ ಒಣಹಾಕಿ ಮರೆತ ಹೊದಿಕೆಯಂತೆ ಬಿದ್ದಿದ್ದಳು. ಕೆರೆಕಟ್ಟೆಯ ಕಾಡಂಚಿನಲ್ಲಿ ಸತ್ತುಹೋದ ಅವ್ವ ಅಂಗಳ ಗುಡಿಸುತ್ತಿದ್ದವಳು ತಲೆಯೆತ್ತಿ, "ಎಷ್ಟು ಮೇಲೆ ಹೋಗ್ತೀಯೇ ಕೂಸೇ? ಬಾಯಿಗೆ ಎಂತ ತುರುಕಿದ್ದೀ ಅದಕ್ಕೆ? ಉಸಿರು ಕಟ್ತದೆ ನೋಡು," ಎಂದಳು. ನೋಡಿದರೆ ಬಾಗಿಲಿನ ತುಟಿಯ ತುಂಬ ಅಕ್ಕಿ.

ಕಣ್ಣು ಬಿಟ್ಟಾಗ ಪ್ರದೀಪ ಬಾಗಿಲನ್ನು ಮೀಟಿ ತೆರೆದು, ಮಂಡಿಯೂರಿ ಪಟ್ಟಿಯ ಜಾಡನ್ನು ಸ್ಕ್ರೂಡ್ರೈವರಿನಿಂದ ಕೆರೆಯುತ್ತಿದ್ದ. ಒಣಗಿ ಗಟ್ಟಿಯಾದ ಅರಿಶಿನ, ಅರೆದುಹೋದ ಅಕ್ಕಿ, ಕಪ್ಪಾದ ಹೂವು, ಎಲ್ಲ ಅವನ ಅಂಗೈಗೆ ಬಂತು. ಅವನು ಅದನ್ನು ನೋಡಿದ, ಅರಿಶಿನವಾದ ಅವಳ ಬೆರಳು ನೋಡಿದ. ಮುಷ್ಟಿ ಮುಚ್ಚಿಕೊಂಡ.

ಸಣ್ಣಕ್ಕ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಯ್ಯೋ ದೇವರೇ, ನಾನೇ! ನಾಲ್ಕು ವಾರದಿಂದ ನನ್ನ ಕೈಯಾರೆ ಅದರ ಬಾಯಿ ಕಟ್ಟಿದೆನಲ್ಲ!

ಅಷ್ಟರಲ್ಲಿ ಲಿಂಗಪ್ಪನವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಎಂತ ಆಗಿದೆ ಹೇಳು ಮಾರಾಯ! ಇವತ್ತೇ ಕಂಪನಿಗೆ ಬರೀತೀನಿ, ನಿನ್ನ ಕೆಲಸ ಹೋದ್ರೆ ನಂಗೆ ಗೊತ್ತಿಲ್ಲ."

"ಧೂಳು ಅಯ್ಯ," ಎಂದ ಪ್ರದೀಪ.

ಸಣ್ಣಕ್ಕ ಸುಮ್ಮನಿದ್ದಿದ್ದರೆ ಸಾಕಿತ್ತು. ಹುಡುಗನ ತಲೆಗೆ ಕಟ್ಟಿ ಅವಳು ಪಾರಾಗುತ್ತಿದ್ದಳು. ಮೇಲಿನ ಮೆಟ್ಟಿಲ ತುದಿಯಲ್ಲಿ ತಾರಸಿಯ ಬೆಳಕು ಕಾಣುತ್ತಿತ್ತು. ಅದನ್ನೊಮ್ಮೆ ಕಣ್ತುಂಬ ನೋಡಿಕೊಂಡಳು.

"ಧೂಳಲ್ಲ ಅಯ್ಯ. ನಂದು ಪೂಜೆ. ಆ ತಮ್ಮಂದು ತಪ್ಪಿಲ್ಲ," ಎಂದು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು.

ಲಿಂಗಪ್ಪನವರು ಕೆಂಡವಾದರು. ಇನ್ನು ಲಿಫ್ಟಿನ ಹತ್ತಿರ ಸುಳಿಯಕೂಡದು ಎಂದು ಅಪ್ಪಣೆಯಾಯಿತು. ಒಂದು ವಾರ ಸಣ್ಣಕ್ಕ ತಗಡಿನ ಕೆಳಗೆ ಕೂತು ಪಾತ್ರೆ ಉಜ್ಜಿದಳು. ಲಿಫ್ಟು ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ಓಡಾಡಿತು. ಮೇಲೆ ಬಟ್ಟೆ ಪಟಪಟ ಎನ್ನುವ ಸದ್ದು ಕೇಳಿದಾಗಲೆಲ್ಲ ಅವಳು ತಲೆಯೆತ್ತುತ್ತಿದ್ದಳು. ಕಾಣುತ್ತಿದ್ದದ್ದು ತಗಡು.

ಮತ್ತೆ ಶುಕ್ರವಾರ ಬಂತು. ತನ್ನ ಕೆಲಸ ಗಟ್ಟಿ ಎಂದು ತೋರಿಸಲು ಪ್ರದೀಪ ಬೆಳಿಗ್ಗೆಯೇ ಬಂದಿದ್ದ. ಲಿಂಗಪ್ಪನವರು ಗತ್ತಿನಿಂದ ಒಳಹೊಕ್ಕು ಗುಂಡಿ ಒತ್ತಿದರು. ಒಂದು, ಎರಡು ದಾಟಿತೋ ಇಲ್ಲವೋ, ಲಿಫ್ಟು ಗಕ್ಕನೆ ನಿಂತಿತು. ಒಳಗೆ ಕತ್ತಲು. "ಅಯ್ಯಯ್ಯೋ" ಎಂಬ ಕೂಗು ಹಿತ್ತಲಿಗೂ ಕೇಳಿಸಿತು. ಪ್ರದೀಪ ತಾರಸಿಯ ಮೇಲಿನ ಬೀಗದ ಕೋಣೆಗೆ ಓಡಿ, ಮೋಟಾರಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಅವರನ್ನು ಎರಡನೆಯ ಮಹಡಿಗೆ ಇಳಿಸುವಷ್ಟರಲ್ಲಿ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಕರೆಂಟ್ ಹೋಯ್ತು ಅಯ್ಯ, ಅಷ್ಟೇ," ಎಂದ ಪ್ರದೀಪ.

"ಶುಕ್ರವಾರವೇ ಯಾಕೆ ಹೋಗ್ಬೇಕಿತ್ತು? ನಾನು ಹತ್ತಿದಾಗಲೇ ಯಾಕೆ? ಹನ್ನೊಂದು ವರ್ಷ ನಡೆದ ಪೂಜೆ ನಿಲ್ಲಿಸಿಬಿಟ್ವಲ್ಲ ಮಾರಾಯ!" ಎಂದರು ಲಿಂಗಪ್ಪನವರು. ಹಿತ್ತಲಿಗೆ ತಾವೇ ಬಂದರು. "ಸಣ್ಣಕ್ಕ, ಏಳು. ಅರಿಶಿನ ತಗೋ."

"ಅಲ್ಲಿ ಹಾಕಿದ್ರೆ ಮತ್ತೆ ಕಚ್ಚಿಕೊಳ್ತದೆ ಅಯ್ಯ," ಎಂದಳು, ಪಾತ್ರೆ ಉಜ್ಜುತ್ತಿದ್ದ ಬೂದಿಗೈಯಲ್ಲೇ.

ಹಿಂದೆ ನಿಂತಿದ್ದ ಪ್ರದೀಪ ನಕ್ಕ. "ಅದರ ಜೀವ ಇರೋದು ಕೆಳಗಲ್ಲ ಸಣ್ಣಕ್ಕ, ತಾರಸಿ ಮೇಲೆ, ಮೋಟಾರ್ ಕೋಣೇಲಿ. ಆ ಹಲಸಿನ ಹಲಗೆ ಅಲ್ಲೇ ಮೂಲೇಲಿ ಬಿದ್ದಿದೆ. ಕೋಣೆ ಬಾಗಿಲಿಗೆ ಹೊಸ್ತಿಲು ಮಾಡಿ ಕೂರಿಸ್ತೀನಿ. ಬೇಕಾದಷ್ಟು ಅಕ್ಕಿ ಹಾಕಿ, ಹೊಸ್ತಿಲಿಂದ ಈಚೆಗೆ ಮಾತ್ರ, ಒಳಗೆ ಬೇಡ."

ಲಿಂಗಪ್ಪನವರು ಹೂಂಗುಟ್ಟಿದರು. ಸಣ್ಣಕ್ಕ ಕೈ ಒರೆಸಿಕೊಂಡು, ನೆಲ ನೋಡುತ್ತ ಕೇಳಿದಳು:

"ಅಲ್ಲ ಅಯ್ಯ, ಅಷ್ಟು ಮೇಲೆ ಹೋಗ್ಬೇಕಂದ್ರೆ ನಂಗೆ ಲಿಫ್ಟು ಬೇಕಲ್ಲ?"

ಲಿಂಗಪ್ಪನವರು ಅವಳನ್ನು ನೋಡಿದರು, ಹಿತ್ತಲ ಬಾಗಿಲಲ್ಲಿ ಕಾದಿದ್ದ ಬಟ್ಟೆಗಂಟು ನೋಡಿದರು. "ಹೋಗುವಾಗ ಅದನ್ನೂ ತಗೊಂಡು ಹೋಗು," ಎಂದು ಮುಖ ತಿರುಗಿಸಿಕೊಂಡು ನಡೆದರು.

ಹತ್ತು ಗಂಟೆಗೆ ಕರೆಂಟು ಬಂತು; ಸಣ್ಣಕ್ಕ ಮೇಲೆ ಬರುವಷ್ಟರಲ್ಲಿ ಪ್ರದೀಪ ಹಲಗೆಯನ್ನು ಮೋಟಾರ್ ಕೋಣೆಯ ಬಾಗಿಲಿಗೆ ಕೂರಿಸಿದ್ದ. ಹಲಗೆಯ ಸಂದಿಗಳಲ್ಲಿ ಹಳೆಯ ಅರಿಶಿನ ಇನ್ನೂ ಉಳಿದಿತ್ತು. ಅದರ ಮೇಲೆ ಸಣ್ಣಕ್ಕ ಹೊಸದು ಬಳಿದಳು, ಹೂವಿಟ್ಟಳು. ಬಾಗಿಲ ಆಚೆ, ಹನ್ನೊಂದು ವರ್ಷ ಬೀಗದ ಹಿಂದೆ ಕಾಣದಿದ್ದ ಆ ದೊಡ್ಡ ಚಕ್ರ ಸುಮ್ಮನೆ ಕೂತಿತ್ತು. ಕೆಳಗೆ ಯಾರೋ ಗುಂಡಿ ಒತ್ತಿರಬೇಕು, ಚಕ್ರ ಮೆಲ್ಲಗೆ ತಿರುಗಿತು. ಇಷ್ಟು ವರ್ಷ ತನ್ನನ್ನು ಎತ್ತಿ ತಂದದ್ದು ಇದೇ ಎಂದು ನೋಡುತ್ತ ನೋಡುತ್ತ ಅವಳ ಕಣ್ಣು ಮಂಜಾಯಿತು. "ನಿಂಗೆ ಉಸಿರು ಕಟ್ಟಿಸಿದೆ, ಹೊಟ್ಟೆಗೆ ಹಾಕ್ಕೋ," ಎಂದಳು. ಆಮೇಲೆ ಎದ್ದು, ಕಾಲೆಳೆಯುತ್ತ, ಒದ್ದೆ ಬಟ್ಟೆಗಳನ್ನು ಹರವಲು ಹೋದಳು.