ಸೊಣ್ಣಮ್ಮ ಮಾಡಿದ ಅರೆಸ್ಟು

ಪೆನ್ನಾಗರಂ ಪಕ್ಕದ ಹಟ್ಟಿಯಲ್ಲಿ ಸೊಣ್ಣಮ್ಮ ಅಂದರೆ ಕೂಗಿಗೆ ಹೆಸರು. ಅವಳು ಈ ದಿಣ್ಣೆಯ ಮೇಲೆ ನಿಂತು ಕುರಿ ಕರೆದರೆ ಆಚೆ ದಿಣ್ಣೆಯ ಕುರಿಗಳೂ ತಲೆಯೆತ್ತುತ್ತಿದ್ದವು. ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ ಒಂದು ದಿನ, ಹೊತ್ತು ನೆತ್ತಿಗೇರುವ ಮೊದಲೇ, ಯಾರೋ ಒಬ್ಬ ಅವಳ ಟಗರನ್ನು ಹೆಗಲಿಗೇರಿಸಿಕೊಂಡು ಬೇಲಿ ದಾಟುತ್ತಿದ್ದ. ಕೂಗಿದರೆ ಓಡಿಯಾನು ಅಂತ ಅವತ್ತು ಮಾತ್ರ ಅವಳು ಉಸಿರೆತ್ತಲಿಲ್ಲ. ಪೊದೆ ಬಳಸಿ ಹಿಂದಿನಿಂದ ಬಂದು ಅವನ ಪಂಚೆಯ ಚುಂಗನ್ನು ಬಿಗಿಯಾಗಿ ಹಿಡಿದಳು.

"ನಡಿಯಲಾ ಠಾಣೆಗೆ. ಓಡ್ತೀಯಾ? ಓಡು. ಪಂಚೆ ನನ್ ಕೈಲೇ ಇರ್ತೈತೆ."

ಎಲ್ಲಪ್ಪ ಎಂಬ ಆ ಕಳ್ಳ ಯೋಚಿಸಿದ. ಟಗರು ಇಳಿಸಿದರೆ ಅದು ಗುದ್ದುತ್ತದೆ, ಓಡಿದರೆ ಮಾನ ಹೋಗುತ್ತದೆ. ನಾಲ್ಕು ಮೈಲಿ ಅವನೇ ಟಗರು ಹೊತ್ತು ನಡೆದ. ನಡುವೆ ಹುಣಿಸೆಮರದಡಿ ಸೊಣ್ಣಮ್ಮ ಬುತ್ತಿ ಬಿಚ್ಚಿ, ಟಗರನ್ನು ಇಳಿಸದೆ ಒಂದೇ ಕೈಯಲ್ಲಿ ಹಿಡಿದು ಕೂತ ಅವನಿಗೂ ಅರ್ಧ ಮುದ್ದೆ ಕೊಟ್ಟಳು.

"ಅರೆಸ್ಟ್ ಪಣ್ಣಿಟ್ಟಿಯಾ? ನೀಯಾ?" ಹೆಡ್ ಕಾನ್‌ಸ್ಟೇಬಲ್ ಅರುಣಾಚಲಂ, ಅರೆಸ್ಟ್ ಮಾಡಿದ್ದು ನೀನಾ ಅಂತ ತಮಿಳಿನಲ್ಲಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ಎಲ್ಲಪ್ಪನನ್ನು ಲಾಕಪ್ಪಿಗೆ ಹಾಕಿ, ಟಗರಿಗೆ ನೀರಿಡಿಸಿದ.

ಅಲ್ಲಿಗೆ ಮುಗಿಯಲಿಲ್ಲ. ಜಾಮೀನಿನ ಮೇಲೆ ಹೊರಬಂದ ಎಲ್ಲಪ್ಪನಿಗೆ ಚುರುಕು ವಕೀಲನೊಬ್ಬ ಸಿಕ್ಕಿದ್ದ. ಅಧಿಕಾರವಿಲ್ಲದ ಹೆಂಗಸು ತನ್ನನ್ನು ಅಕ್ರಮವಾಗಿ ಹಿಡಿದಿಟ್ಟಳೆಂದು ದೂರು ಬಿತ್ತು, ಹಟ್ಟಿಗೆ ಸಮನ್ಸು ಬಂತು. ಸೊಣ್ಣಮ್ಮನ ಗಂಡ ಮಾದಯ್ಯ ನಡುಗಿಹೋದ.

"ಟಗರು ಓದ್ರೆ ಓಗ್ಲಿ ಅನ್ನಬಾರ್ದಿತ್ತಾ ಲೇ?"

"ಓಗ್ಲಿಲ್ವಲ್ಲ, ಈಗ್ಯಾಕೆ ಅನ್ಲಿ?"

ಕೋರ್ಟಿನ ಜಗಲಿಯಲ್ಲಿ ಅವಳು ಕಥೆ ಹೇಳುತ್ತಿದ್ದಾಗ, ಬೇರೆ ಕೇಸಿಗೆಂದು ಸೇಲಂನಿಂದ ಬಂದಿದ್ದ ವಕೀಲ ಸೇತುಮಾಧವರಾಯರು ಅಲ್ಲೇ ನಿಂತು ಕೇಳಿಸಿಕೊಂಡರು. ಅವರ ಮುಖ ಅರಳಿತು.

"ಕಳವಿನಂಥ ಅಪರಾಧ ಕಣ್ಣೆದುರೇ ನಡೆದರೆ ಯಾರು ಬೇಕಾದರೂ ಕಳ್ಳನನ್ನು ಹಿಡಿದು, ಸುಮ್ಮನೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬಹುದು ತಾಯಿ. ಐವತ್ತೊಂಬತ್ತನೇ ಸೆಕ್ಷನ್. ಹನ್ನೊಂದು ವರ್ಷದ ವಕೀಲಿಯಲ್ಲಿ ಆ ಸೆಕ್ಷನ್ನು ಕಾಲ್ನಡಿಗೆಯಲ್ಲಿ ಬಂದದ್ದು ಇವತ್ತೇ ನೋಡಿದ್ದು! ಈ ಕೇಸು ನನಗೆ ಕೊಡಿ."

ವಿಚಾರಣೆ ಶುರುವಾಯಿತು. ಎಲ್ಲಪ್ಪನ ವಕೀಲ ಪುಸ್ತಕ ಎತ್ತಿ, ಸೆಕ್ಷನ್ನಿನಲ್ಲಿ 'ಅವನ ಕಣ್ಣೆದುರು' ಎಂದಿದೆಯೇ ಹೊರತು 'ಅವಳ' ಎಂದಿಲ್ಲ ಎಂದ.

"ಕಾನೂನಿನಲ್ಲಿ 'ಅವನು' ಅಂದರೆ 'ಅವಳೂ' ಸೇರುತ್ತಾಳೆ ಸ್ವಾಮಿ," ಎಂದರು ರಾಯರು. "ಇಲ್ಲದಿದ್ದರೆ ಕಳವು ಮಾಡಿದ ಹೆಂಗಸರನ್ನೆಲ್ಲ ಶಿಕ್ಷೆಯಿಲ್ಲದೆ ಮನೆಗೆ ಕಳಿಸಬೇಕಾಗುತ್ತದೆ."

ಮ್ಯಾಜಿಸ್ಟ್ರೇಟರು ಸೊಣ್ಣಮ್ಮನ ಕಡೆ ತಿರುಗಿದರು. ಹಗ್ಗದಲ್ಲಿ ಕಟ್ಟಿದೆಯಾ?

"ಅಗ್ಗ ಯಾಕೆ ಸಾಮಿ? ಅವನ ಎರಡು ಕೈಲೂ ಟಗರಿನ ಕಾಲಿತ್ತು."

ಹಾಗಾದರೆ ದಾರಿಯಲ್ಲಿ ಕೂತು ತಡಮಾಡಿದ್ದೇಕೆ?

"ಅವನ ಒಟ್ಟೆ ಅಂಟ್ಕೊಂಡಿತ್ತು. ಅಸಿದೋನ್ನ ಠಾಣೆಗೆ ಎಂಗ್ ಕರ್ಕೊಂಡೋಗ್ಲಿ?"

ರಾಯರು ಎಲ್ಲಪ್ಪನನ್ನು ಕೇಳಿದರು: "ಈಕೆ ಹೊಡೆದಳೇನಪ್ಪಾ?"

"ಇಲ್ಲ ಸಾಮಿ. ಮುದ್ದೆ ಕೊಟ್ಟಳು. ಉಳ್ಳಿ ಸಾರು ಬಲೇ ಚೆನ್ನಾಗಿತ್ತು."

"ಆಗ ನಿನ್ನ ಹೆಗಲ ಮೇಲಿದ್ದ ಟಗರು ಯಾರದು?"

"ಈ ಅಮ್ಮಂದೇ," ಎಂದುಬಿಟ್ಟ ಎಲ್ಲಪ್ಪ. ಅವನ ವಕೀಲ ಪುಸ್ತಕ ಮುಚ್ಚಿದ. ಕೋರ್ಟಿಗೆ ಕೋರ್ಟೇ ನಕ್ಕಿತು. ಮ್ಯಾಜಿಸ್ಟ್ರೇಟರು ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು, ದೂರು ವಜಾ ಎಂದರು.

ಹೊರಗೆ ಹಟ್ಟಿಯ ಹೆಂಗಸರು ರಾಯರನ್ನು ಮುತ್ತಿದರು. "ಆ ಸೆಕ್ಷನ್ನು ಇನ್ನೊಂದ್ಸಲ ಏಳಿ ಸಾಮಿ!" ಅವರು ಕನ್ನಡದಲ್ಲಿ ಮೂರು ಸಲ ಹೇಳಿದರು, ಪ್ರತಿಸಲವೂ ಚಪ್ಪಾಳೆ. ಕೊನೆಯ ಚಪ್ಪಾಳೆಯಲ್ಲಿ ಅರುಣಾಚಲಂ ಕೂಡ ಸೇರಿಕೊಂಡ. ಸೊಣ್ಣಮ್ಮನಿಗೆ ಮೈಯೆಲ್ಲ ಹಗುರಾಗಿತ್ತು. ತಾನು ಮಾಡಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು; ಅದನ್ನು ಸರ್ಕಾರದ ಪುಸ್ತಕವೂ ಒಪ್ಪುತ್ತದೆ ಎಂಬುದೇ ಹೊಸ ಸಂಗತಿ.

ಮುಂದಿನ ಸಂತೆಯಲ್ಲಿ ಮಾದಯ್ಯ ಜನ ಸೇರಿಸಿಕೊಂಡು ಕಥೆ ಹೇಳುತ್ತಿದ್ದ. ಅವನ ಕಥೆಯಲ್ಲಿ ಕಳ್ಳರು ಮೂವರಾಗಿದ್ದರು, ಅವರಲ್ಲೊಬ್ಬನ ಕೈಯಲ್ಲಿ ಮಚ್ಚೂ ಇತ್ತು. "ನಮ್ಮೋಳು ಎದರ್ಲೇ ಇಲ್ಲ!" ಎಂದು ಅವನು ಎದೆಯುಬ್ಬಿಸಿದ. ಪಕ್ಕದಲ್ಲೇ ಮೆಣಸಿನಕಾಯಿ ಆರಿಸುತ್ತಿದ್ದ ಸೊಣ್ಣಮ್ಮ ಒಮ್ಮೆ ತಲೆಯೆತ್ತಿ ನೋಡಿ, ಹೇಳಲಿ ಅಂತ ಮತ್ತೆ ಆರಿಸತೊಡಗಿದಳು.