ಹಾಸಿಗೆಯವರ ಮನೆಯ ಚಾಪೆ

"ನಿನಗೊಂದು ಹಾಸಿಗೆ ನನ್ನ ಕೈಯಾರೆ ಹೊಲಿದು ಕೊಡ್ತೀನಿ ಬುಶ್ರಾ, ರಾಜನ ಮಗಳು ಮಲಗೋ ಅಂಥದ್ದು" ಅಂತ ನಮ್ಮನೆಯವರು ಇಸ್ರಾರ್ ಮಾತು ಕೊಟ್ಟಿದ್ದು ನಿಕಾಹ್ ಆದ ವಾರಕ್ಕೆ. ಹನ್ನೊಂದು ವರ್ಷದ ಹಿಂದೆ, ನ್ಯಾಮತಿಯ ಇದೇ ಮನೆಯಲ್ಲಿ, ಚಾಪೆ ಮೇಲೆ ಕೂತು. ನಾವು ಪಿಂಜಾರರು, ಹತ್ತಿ ಹಿಂಜಿ ಊರಿಗೆಲ್ಲ ಹಾಸಿಗೆ ಹೊಲಿದು ಕೊಡೋರು. ನಮಗೆ ಮಾತ್ರ ಚಾಪೆ. ಒಳ್ಳೆ ಹತ್ತಿ ಸಿಕ್ಕಾಗೆಲ್ಲ ಇವರು ನನ್ನ ಹಾಸಿಗೆಗೆ ಅಂತ ಒಂದಿಷ್ಟು ತೆಗೆದಿಡೋರು. ಯಾರದೋ ಮಗಳ ಮದುವೆ ಬರೋದು, ಅದು ಅಲ್ಲಿಗೆ ಹೋಗೋದು. ನಮ್ಮ ಮಗಳೂ ಚಾಪೆಯಲ್ಲೇ ಬೆಳೆದಳು.

ಹೋದ ವರ್ಷ ಇಸ್ರಾರ್ ಜಗಳೂರಿನಲ್ಲಿ ಯಾರದೋ ಜಗಲಿ ಮೇಲೆ ಹಾಸಿಗೆ ಹೊಲೀತಿದ್ದಾಗ "ತಲೆ ಸಿಡೀತೈತೆ" ಅಂದರಂತೆ. ವಾಂತಿ. ಬಲಗೈಯಿಂದ ದಾರ ಜಾರಿತು. ಆಮೇಲೆ ಮಾತೂ ಹೋಯಿತು.

ದಾವಣಗೆರೆ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮಿದುಳಿನ ಎಡಗಡೆ ರಕ್ತ. "ವಯಸ್ಸು ಮೂವತ್ತಾರು. ಬಿಪಿ ಇಲ್ಲ, ಎಲ್ಲೂ ಬಿದ್ದಿಲ್ಲ" ಅಂದರು ಡಾಕ್ಟರ್ ಗಂಗೋತ್ರಿ. "ರಕ್ತ ಚೆಲ್ಲಿದ್ದು ಕಾಣ್ತಿದೆ. ಯಾಕೆ ಅನ್ನೋದು ಕಾಣ್ತಿಲ್ಲ. ಅದು ಸಿಗದಿದ್ರೆ ಮತ್ತೆ ಒಡೆಯಬಹುದು." ಎಂಆರ್‌ಐ ಬರೆದರು.

ಆ ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್ ಕೇಳಿದ, "ಮೈಯೊಳಗೆ ಕಬ್ಬಿಣ ಏನಾದ್ರೂ ಐತಾ? ರಾಡು, ಪ್ಲೇಟು?"

"ಅಯ್ಯ, ಮುದ್ದೆ ತಿನ್ನೋ ಮೈ ಕಣಪ್ಪ, ಕಬ್ಬಿಣ ಎಲ್ಲಿಂದ ಬರಬೇಕು!" ಅಂದರು ಅತ್ತೆ ಅಖ್ತರ್‌ಬೀ. ನಾನೂ ಇಲ್ಲ ಅಂತ ಸಹಿ ಹಾಕಿದೆ.

ಇಸ್ರಾರ್ ಎಡಗೈಯಿಂದ ಬಲ ಅಂಗೈಯನ್ನ ಒತ್ತಿ ಒತ್ತಿ ತೋರಿಸ್ತಿದ್ದರು. ನೋಯ್ತೈತೇನೋ ಅಂತ ತಿಕ್ಕಿದೆ. ಕೈ ಕೊಡವಿ ನನ್ನ ಹಣೆಗೆ ಬೆರಳಲ್ಲಿ ಕುಟ್ಟಿದರು, 'ಬುದ್ಧಿ ಐತಾ ನಿನಗೆ' ಅಂತ ಮನೆಯಲ್ಲಿ ಕುಟ್ಟೋ ಹಂಗೇ. ಆಗ ಹೊಳೀತು. ಯಾವತ್ತೋ ಚನ್ನಗಿರಿಯಲ್ಲಿ ಹೊಲಿಯುವಾಗ ದಬ್ಬಳದ ತುದಿ ಮುರಿದು ಅಂಗೈಯೊಳಗೇ ಉಳಿದಿತ್ತು. "ಇರಲಿ ಬಿಡೇ, ನಿನ್ನಂಗೇ ಚುಚ್ಚತೈತೆ, ಅಭ್ಯಾಸ ಆಗೈತೆ" ಅಂದಿದ್ದರು.

"ಸೂಜಿ ಐತ್ರೀ, ಕೈಯೊಳಗೆ!" ಅಂತ ಕೂಗಿದೆ.

"ಏನಮ್ಮಾ ನೀನು, ಒಳಗಿರೋದು ಆನೆಯಂಥ ಅಯಸ್ಕಾಂತ!" ಟೆಕ್ನಿಷಿಯನ್ ಗಾಲಿಮಂಚ ಹಿಂದಕ್ಕೆಳೆದ.

ರಕ್ತನಾಳಕ್ಕೆ ಮದ್ದು ಬಿಟ್ಟು ಬೇರೆ ಥರದ ಸ್ಕ್ಯಾನ್ ಮಾಡಿದರು. ಸಿಕ್ಕಿತು. ಡಾಕ್ಟರ್ ಪರದೆ ಮೇಲೆ ಬೆರಳಿಟ್ಟರು. "ಇಲ್ಲಿ ನೋಡಿ, ಗಂಟು."

"ಯಾ ಅಲ್ಲಾ, ಗಡ್ಡೆನಾ?" ಅತ್ತೆ ಅಳಾಕೆ ಶುರು ಮಾಡಿದರು.

"ಗಡ್ಡೆ ಅಲ್ಲ ಅಜ್ಜಿ. ರಕ್ತ ತರೋ ನಾಳ, ಒಯ್ಯೋ ನಾಳ ಸಿಕ್ಕು ಬಿದ್ದಿವೆ. ಹುಟ್ಟಿನಿಂದಲೇ ಇದ್ದಿರಬಹುದು."

ಹಿಂಜದ ಹತ್ತಿ ಉಂಡೆ ಇದ್ದಂಗಿತ್ತು.

"ಬಿಡಿಸಾಕೆ ಆಗ್ತೈತಾ ಮೇಡಂ?"

"ಬಿಡಿಸಲ್ಲ, ಮುಚ್ಚತೀವಿ. ಪೂರ್ತಿ ಮುಚ್ಚಿದ್ರೆ ಒಡೆಯೋ ಭಯ ಹೋಗುತ್ತೆ."

"ಕೈ?"

ನನ್ನ ಮುಖ ನೋಡಿದರು. "ಕೈ ಬಗ್ಗೆ ನಾನು ಮಾತು ಕೊಡಲ್ಲಮ್ಮ."

ಗಂಟು ಮುಚ್ಚಿತು. ಈಗ ನಡೀತಾರೆ. ನನ್ನನ್ನ 'ಬು' ಅಂತ ಕರೀತಾರೆ, ಹೆಸರಿನ ಮಿಕ್ಕಿದ್ದು ಬರಲ್ಲ. ಅದನ್ನ ಕೇಳಾಕೆ ಅಂತಲೇ ಎಷ್ಟೋ ಸಲ ಪಕ್ಕದ ಕೋಣೆಗೆ ಹೋಗಿ ಸುಮ್ಮನೆ ನಿಲ್ತೀನಿ. ಬಲಗೈ ಬೆರಳು ಮಡಚಲ್ಲ. ಹೊನ್ನಾಳಿವರೆಗೂ ಹೋಗಿ ಹಾಸಿಗೆ ಹೊಲಿದು ಬರೋಳು ನಾನೇ. ನಮಗೂ ಒಂದು ಹೊಲೀಬಹುದಿತ್ತು. ಕೂತೆ ಕೂಡ, ಎರಡು ಸಲ, ಹೊಲೀದೇ ಎದ್ದೆ. ನನಗೆ ಬೇಕಾಗಿದ್ದು ಆ ಕೈ ಹೊಲಿದದ್ದು.

ಅವರ ಬೆನ್ನುನೋವಿಗೆ ಅಂತ ಮೊನ್ನೆ ಅಂಗಡಿಯಿಂದ ಫೋಮ್ ಹಾಸಿಗೆ ತಂದೆ. ಇಸ್ರಾರ್ ನನಗೆ ಹಾಸಿಗೆ ಹೊಲಿದು ಕೊಡಲಿಲ್ಲ. ಮಾತು ಉಳೀಲಿಲ್ಲ.