ರವಿಕೆಯೊಳಗಿನ ಮಲ್ಲಿಗೆ

ಮಲ್ಲಿಗೆ ವಾಸನೆ ಎಲ್ಲಿಂದ ಬರ್ತಾ ಇದೆಯೇ, ಮುಡೀಲಿ ಒಂದು ಎಸಳೂ ಇಲ್ಲ, ಪಕ್ಕದ ಮೆಷಿನ್ನಿನ ಚಂದ್ರಮತಿ ಮೂಗರಳಿಸುತ್ತಾಳೆ, ಧರಣಿ ಸೆರಗು ಬಿಗಿಯಾಗಿ ಹೊದ್ದು ಕಾಲರಿನ ಮೇಲೆ ಸೂಜಿ ಓಡಿಸುತ್ತಲೇ ಇದ್ದಾಳೆ — ವಾಸನೆ ರವಿಕೆಯೊಳಗಿಂದ, ನಾಲ್ಕಾರು ದಿನದಿಂದ ಅರಳಿದ ಹೂವನ್ನು ಎದೆಗೊತ್ತಿ ಬಟ್ಟೆ ಬಿಗಿದು ಕಳಿಸುತ್ತಿದ್ದಾರೆ ಅತ್ತೆ ಪುಟ್ಟಲಿಂಗಮ್ಮ, ಕಟ್ಕೊಂಡ್ಬುಡು ಕಣವ್ವ, ಹಾಲು ಇಂಗೋಯ್ತದೆ, ನಮ್ಮವ್ವನೂ ನಂಗೆ ಇದ್ನೇ ಮಾಡಿದ್ಲು, ತೊಂಬತ್ತೆಂಟನೇ ಇಸವಿಯಲ್ಲೂ ಇದೇನು ಅಂತ ನಗುವವರು ನಗಲಿ, ಗಂಡ ಸಿದ್ದೇಶನ ಗಾರೆ ಕೆಲಸವೊಂದನ್ನೇ ನಂಬಿ ಕೂರುವುದಕ್ಕಾಗುತ್ತದೆಯೇ, ಸರ್ಕಾರದ ಕಾನೂನಿನಂತೆ ಮೂರು ತಿಂಗಳ ಹೆರಿಗೆ ರಜೆ ಸಿಕ್ಕಿತು, ಸಂಬಳವೂ ಬಂತು, ಸುಳ್ಳು ಹೇಳಬಾರದು, ರಜೆ ಮುಗಿಯಿತೆಂದು ಹಾಲು ಮುಗಿಯುತ್ತದೆಯೇ, ಅದಕ್ಕೂ ಕಾನೂನುಂಟು, ದಿನಕ್ಕೆರಡು ಸಲ ಹಾಲೂಡಿಸುವ ಬಿಡುವು, ನೋಟಿಸ್ ಬೋರ್ಡಿನಲ್ಲಿ ಮುದ್ದಾಗಿ ಬರೆದು ಹಾಕಿದ್ದಾರೆ, ಬಿಡುವು ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ, ಕೂಸು ಹಿನಕಲ್ಲಿನ ಮನೆಯಲ್ಲಿ, ಹೋಗಿ ಬರುವಷ್ಟರಲ್ಲಿ ಅರ್ಧ ದಿನ, ಹಾಗಾಗಿ ಟಾಯ್ಲೆಟ್ಟಿನ ಗೋಡೆಗೆ ಹಣೆಯಾನಿಸಿ ಹಿಂಡಿ ಚೆಲ್ಲುವುದು, ಕೂಸಿನ ಪಾಲು ಮೋರಿಗೆ, ಹಿಂಡದಿದ್ದರೆ ಎದೆ ಕಲ್ಲಾಗಿ ಜ್ವರ, ಕೊನೆಗೊಂದು ದಿನ ತಾನಾಗಿ ಸೋರಿ ಹೊಲಿಯುತ್ತಿದ್ದ ನೀಲಿ ಶರ್ಟಿನ ಮೇಲೆ ಕಲೆ, ಸೂಪರ್‌ವೈಸರ್ ಸುಂದರೇಶ ಬೈಯಲಿಲ್ಲ, ಎಲ್ಲರೆದುರು ಶರ್ಟನ್ನು ಎತ್ತಿ ಹಿಡಿದ, ಅಷ್ಟೇ, ಅವತ್ತು ಸಂಜೆಯೇ ಮಲ್ಲಿಗೆ ಕೊಂಡದ್ದು — ತಾನೇ ಕೊಂಡದ್ದು, ತಪ್ಪನ್ನು ಅತ್ತೆಯ ಮೇಲೆ ಹಾಕುವುದು ಬೇಡ — ನಿನ್ನೆ ಕೂಸು ಬಾಯಿಟ್ಟು ಎಳೆದೂ ಎಳೆದೂ ತಲೆಯೆತ್ತಿ ನೋಡಿತು, ಆ ನೋಟ, ಬೇಡ, ಹೊಲಿಗೆ ನೋಡು.

ಮೆಷಿನ್ ನಿಲ್ಸ್ರಮ್ಮ ಒಂದ್ನಿಮಿಷ, ಸುಂದರೇಶನ ದನಿ, ಈಗ ಯಾವ ಶರ್ಟೋ, ಅಲ್ಲ, ಅವನ ಕೈ ಖಾಲಿ, ಸೋಮವಾರದಿಂದ ಕ್ಯಾಂಟೀನ್ ಹಿಂದಿನ ರೂಮಲ್ಲಿ ಶಿಶುವಿಹಾರ ಶುರು ಕಣ್ರಮ್ಮ, ಆಯಾ ಇರ್ತಾರೆ, ಮಕ್ಕಳನ್ನ ಕರ್ಕೊಂಬನ್ನಿ, ಬಿಡುವಲ್ಲಿ ಹೋಗಿ ಹಾಲು ಕೊಡಿ, ಕಾನೂನು ಮೊದಲಿಂದ್ಲೂ ಇತ್ತು, ಫ್ಯಾಕ್ಟರಿ ಇನ್ಸ್‌ಪೆಕ್ಟ್ರು ಈಗ ಬಂದ್ರು — ಯಾರೋ ನಕ್ಕರು, ಚಂದ್ರಮತಿ ಧರಣಿಯ ಭುಜ ಹಿಡಿದು ಕುಲುಕಿದಳು, ನಿನ್ ಕಷ್ಟ ಕಳೀತು ಕಣೆ, ಧರಣಿ ಎದ್ದಿದ್ದಾಳೆ, ಸೋಮವಾರ, ಸೋಮವಾರ, ಟಾಯ್ಲೆಟ್ಟಿನ ಬಾಗಿಲು ಹಾಕಿದ್ದಾಳೆ, ಎದೆಯ ಬಟ್ಟೆಯ ಗಂಟು ಎಳೆದು ಬಿಚ್ಚಿದಳು, ಹೂಗಳು ಉದುರಿದವು, ಹಾಲು ಇರುತ್ತದೆ, ಇಷ್ಟು ಬೇಗ ಎಲ್ಲಿ ಹೋಗುತ್ತದೆ, ಹಿಂಡಿದಳು, ಇನ್ನೊಮ್ಮೆ, ನೋಯುವಷ್ಟು, ಮೊನ್ನೆಯವರೆಗೂ ಬೇಡವೆಂದರೂ ಸೋರುತ್ತಿದ್ದದ್ದು, ಅಂಗೈ ಒಡ್ಡಿ ಕಾದಳು, ಅಂಗೈಗೆ ಬಂದದ್ದು ಮೈಗಂಟಿಕೊಂಡಿದ್ದ ಒಂದು ಮಲ್ಲಿಗೆ, ಕಂದಿದ ಮಲ್ಲಿಗೆ, ಒಣ ಅಂಗೈ ಮೇಲೆ, ಮಲ್ಲಿಗೆ